ಹಿಮಗಾಲದಲ್ಲಿ ಒಂದು ಆಟದ ಸಾಮಾನು

ಮಕ್ಕಳ ಆಟದ ಸಾಮಾನುಗಳಲ್ಲಿ ಬಹುಪಾಲು ಕೈಯಲ್ಲಿ ಹಿಡಿಯುವಂಥವು. ಆಟ ಮುಗಿದೊಡನೆ ಗೂಡಿನಲ್ಲಿಯೋ ಮೂಲೆಯಲ್ಲಿಯೋ ಅಡಗಿ ಕುಳಿತುಬಿಡುವಂಥವು. ಬುಗುರಿಗೂ ಗೋಲಿಗೂ ಋತುಮಾನದ ಭಯವಿಲ್ಲ. ಪಾಶ್ಚಾತ್ಯ ದೇಶಗಳ ಮನೆಗಳ ಹಿತ್ತಿಲಿನಲ್ಲಿ ಇಂದು ಹೇರಳವಾಗಿ ಕಾಣಬರುವ ಟ್ರ್ಯಾಂಪೊಲಿನ್ ಎಂಬ ಸಾಧನದ ಸ್ಥಿತಿ ಹಾಗಲ್ಲ. ಅದು ಒಂದು ಸಣ್ಣ ಕಣದಷ್ಟು ಜಾಗವನ್ನು ಆಕ್ರಮಿಸಿ, ಬಿಸಿಲು ಮಳೆ ಗಾಳಿಗಳಿಗೆ ಮೈಯೊಡ್ಡಿ, ವರ್ಷವಿಡೀ ಬಯಲಿನಲ್ಲಿಯೇ ನಿಂತಿರುತ್ತದೆ. ಶೀತದೇಶಗಳಲ್ಲಿ ಮಕ್ಕಳು ಅದರ ಮೇಲೆ ಜಿಗಿಯುವುದು ಆರೇಳು ತಿಂಗಳು ಮಾತ್ರ. ಉಳಿದ ತಿಂಗಳುಗಳಲ್ಲಿ ಅದನ್ನು ಯಾರು, ಹೇಗೆ ಕಾಯುತ್ತಾರೆ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಕ್ಷುಲ್ಲಕವೆಂದು ತೋರಬಹುದು. ಆದರೆ ಚಳಿಗಾಲ ಗುಟ್ಟಾಗಿ ಮಾಡಿದ ಗಾಯವನ್ನು ವಸಂತದಲ್ಲಿ ಮೊದಲು ಜಿಗಿಯುವ ಮಗುವಿನ ಕಾಲು ಕಂಡುಹಿಡಿಯುವಂತಾಗಬಾರದಲ್ಲವೆ?

ಈ ಸಾಧನವನ್ನು ಕಂಡರಿಯದವರು ಹಗ್ಗದ ಹೊರಸನ್ನು ನೆನೆದರೆ ಅರ್ಧ ತಿಳಿದಂತಾಯಿತು. ಹೊರಸಿಗೆ ಮರದ ಚೌಕಟ್ಟು, ಇದಕ್ಕೆ ಉಕ್ಕಿನ ಕೊಳವೆಗಳ ವೃತ್ತಾಕಾರದ ಚೌಕಟ್ಟು. ಹೊರಸಿನಲ್ಲಿ ಹಗ್ಗ ನೇರವಾಗಿ ಮರಕ್ಕೆ ಬಿಗಿದಿರುತ್ತದೆ. ಇಲ್ಲಿ ನಡುವಣ ಹಾಸನ್ನು ಸುತ್ತಲೂ ಸ್ಪ್ರಿಂಗುಗಳು ಹಿಡಿದೆಳೆದಿರುತ್ತವೆ. 14 ಅಡಿ ವ್ಯಾಸದ ಒಂದು ಟ್ರ್ಯಾಂಪೊಲಿನ್ನಿಗೆ ಇಂಥ ಸ್ಪ್ರಿಂಗುಗಳು ಸಾಮಾನ್ಯವಾಗಿ ಎಪ್ಪತ್ತರಿಂದ ನೂರರವರೆಗೆ ಇರುವುದುಂಟು. ಸ್ಪ್ರಿಂಗುಗಳ ಮೇಲೆ ಕಾಲು ಬೀಳದಂತೆ ಮೆತ್ತೆಯ ಅಂಚು, ಮಗು ಹೊರಗೆ ಹಾರಿಹೋಗದಂತೆ ಸುತ್ತಲೂ ಎತ್ತರದ ಬಲೆ, ಹತ್ತಲು ಒಂದು ಪುಟ್ಟ ಏಣಿ. ಹಾಸಿನ ನೇಯ್ಗೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ಎಳೆಗಳದು. ರಸಗೊಬ್ಬರದ ಚೀಲಗಳನ್ನು ನೇಯುವುದೂ ಇದೇ ಪದಾರ್ಥದಿಂದಲೇ. ಹೊಲದ ಬದುವಿನಲ್ಲಿ ಬಿಟ್ಟ ಗೊಬ್ಬರದ ಚೀಲ ಒಂದೆರಡು ಬೇಸಿಗೆ ಕಳೆಯುವಷ್ಟರಲ್ಲಿ ಮುಟ್ಟಿದರೆ ಪುಡಿಯಾಗುವುದನ್ನು ರೈತರೆಲ್ಲ ಬಲ್ಲರು. ಟ್ರ್ಯಾಂಪೊಲಿನ್ನಿನ ಹಾಸಿಗೆ ಬಿಸಿಲನ್ನು ತಡೆಯುವ ಸಂಸ್ಕಾರ ಕೊಟ್ಟಿರುತ್ತಾರೆಂಬುದು ನಿಜ. ಆದರೆ ಆ ಸಂಸ್ಕಾರ ಚಿರಕಾಲದ್ದಲ್ಲ.

ಈ ವಸ್ತು ಹುಟ್ಟಿದ್ದು ಅಮೆರಿಕದ ಅಯೊವಾ ರಾಜ್ಯದಲ್ಲಿ. ಸೀಡರ್ ರಾಪಿಡ್ಸ್ ಪಟ್ಟಣದಲ್ಲಿ ಬೆಳೆದ ಜಾರ್ಜ್ ನಿಸ್ಸೆನ್ ಎಂಬ ಬಾಲಕ ಸರ್ಕಸ್ಸಿನಲ್ಲಿ ಒಂದು ಸಂಗತಿಯನ್ನು ಗಮನಿಸಿದ. ತೂಗುಕೋಲಿನ ಆಟಗಾರರು ಆಟದ ಕೊನೆಗೆ ಕೆಳಗಿನ ರಕ್ಷಣಾ ಬಲೆಗೆ ಬಿದ್ದು, ಅಲ್ಲಿಂದ ಚಿಮ್ಮಿ ಮೇಲೇಳುತ್ತಿದ್ದರು. ಬೀಳುವುದೇ ಮುಕ್ತಾಯವಾಗದೆ ಇನ್ನೊಂದು ಆಟದ ಆರಂಭವಾಗಬಾರದೇಕೆ ಎಂಬ ಯೋಚನೆ ಅವನನ್ನು ಬಿಡಲಿಲ್ಲ. ಅಯೊವಾ ವಿಶ್ವವಿದ್ಯಾಲಯದಲ್ಲಿ ಅಂಗಸಾಧನೆಯ ಪಟುವಾಗಿದ್ದಾಗ, 1934ರಲ್ಲಿ, ಲ್ಯಾರಿ ಗ್ರಿಸ್ವೊಲ್ಡ್ ಎಂಬ ತರಬೇತುದಾರನೊಡನೆ ಸೇರಿ ಕಬ್ಬಿಣದ ಚೌಕಟ್ಟಿಗೆ ಕ್ಯಾನ್ವಾಸ್ ಬಟ್ಟೆಯನ್ನು ಸ್ಪ್ರಿಂಗುಗಳಿಂದ ಬಿಗಿದು ಮೊದಲ ಮಾದರಿಯನ್ನು ನಿರ್ಮಿಸಿದ. ಮಕ್ಕಳ ಶಿಬಿರವೊಂದಕ್ಕೆ ಅದನ್ನು ಒಯ್ದಾಗ ಮಕ್ಕಳು ಅದನ್ನು ಬಿಟ್ಟಿಳಿಯಲೊಲ್ಲದೆ ಹೋದರಂತೆ. ನೀರಿಗೆ ಧುಮುಕುವ ಹಲಗೆಗೆ ಸ್ಪ್ಯಾನಿಷ್ ಭಾಷೆಯಲ್ಲಿರುವ ಹೆಸರೇ ತುಸು ಮಾರ್ಪಟ್ಟು ಇದಕ್ಕೆ ನಾಮಕರಣವಾಯಿತು. 1945ರಲ್ಲಿ ನಿಸ್ಸೆನ್ ಇದಕ್ಕೆ ಪೇಟೆಂಟ್ ಪಡೆದ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಇದು ಪದಕದ ಸ್ಪರ್ಧೆಯಾಗುವುದನ್ನು ಕಣ್ಣಾರೆ ಕಂಡು, 2010ರಲ್ಲಿ, ತನ್ನ 96ನೆಯ ವಯಸ್ಸಿನಲ್ಲಿ ಆತ ನಿಧನನಾದ.

ಹಿಮಗಾಲದ ಮಾತಿಗೆ ಈ ಚರಿತ್ರೆಯ ಸಂಬಂಧವೇನೆಂದು ಕೇಳಬಹುದು. ಸಂಬಂಧವುಂಟು. ನಿಸ್ಸೆನ್ನನ ಸಾಧನ ಮೊದಲಿಗೆ ವ್ಯಾಯಾಮಶಾಲೆಯ ಸೊತ್ತಾಗಿತ್ತು. ಅದರ ಮೇಲೆ ಛಾವಣಿ, ಸುತ್ತಲೂ ಗೋಡೆ; ಎಲ್ಲಕ್ಕಿಂತ ಮಿಗಿಲಾಗಿ ಪಕ್ಕದಲ್ಲಿ ಒಬ್ಬ ಶಿಕ್ಷಕ. ಸ್ಪ್ರಿಂಗು ಸಡಿಲವಾದರೆ ಅವನ ಕಣ್ಣಿಗೆ ಬೀಳುತ್ತಿತ್ತು. ಪಾಠ ಮುಗಿದ ಮೇಲೆ ಮಡಿಸಿ ಬೀಗ ಹಾಕುವ ಹೊಣೆಯೂ ಅವನದೇ. ಅಮೆರಿಕದ ಶಾಲೆಗಳಲ್ಲಿ ಅದು ವ್ಯಾಪಕವಾಗಿ ಹರಡಿದಂತೆ ಗಾಯಗಳೂ ಹೆಚ್ಚಿದವು. ಕತ್ತು ಮುರಿದ ಪ್ರಕರಣಗಳು ನಡೆದವು. 1977ರಲ್ಲಿ ಅಮೆರಿಕದ ಶಿಶುವೈದ್ಯರ ಅಕಾಡೆಮಿ ಅದನ್ನು ಶಾಲೆಗಳ ವ್ಯಾಯಾಮಶಿಕ್ಷಣದಿಂದ ತೆಗೆದುಹಾಕಬೇಕೆಂದು ಹೇಳಿತು. ನ್ಯಾಯಾಲಯದ ದಾವೆಗಳೂ ಸೇರಿಕೊಂಡು ಶಾಲೆಗಳು ಒಂದೊಂದಾಗಿ ಅದನ್ನು ಕೈಬಿಟ್ಟವು. ಆದರೆ ಮಕ್ಕಳ ಆಸೆ ಕೈಬಿಡುವಂಥದಾಗಿರಲಿಲ್ಲ. ಮುಂದೆ ಅಗ್ಗದ ಗುಂಡು ಟ್ರ್ಯಾಂಪೊಲಿನ್ನುಗಳು ಮನೆಗಳ ಹಿತ್ತಿಲಿಗೆ ಬಂದವು. ಹೀಗೆ ಒಂದು ಅಪಾಯಕರ ಸಾಧನ ಶಿಕ್ಷಕನ ಕಣ್ಗಾವಲಿನಿಂದ ಹೊರಬಂದು ಯಾರ ಕಾವಲೂ ಇಲ್ಲದ ಬಯಲಿಗೆ ಬಿತ್ತು! ಆ ಅಕಾಡೆಮಿ ಮನೆಗಳಲ್ಲಿಯೂ ಇದು ಬೇಡವೆಂದೇ ಇಂದಿಗೂ ಹೇಳುತ್ತದೆ; ಗಾಯಗಳಲ್ಲಿ ಸುಮಾರು ಮುಕ್ಕಾಲು ಪಾಲು ಒಬ್ಬರಿಗಿಂತ ಹೆಚ್ಚು ಮಂದಿ ಏಕಕಾಲಕ್ಕೆ ಜಿಗಿಯುವಾಗ ಆದವೆಂದು 2012ರ ಅದರ ಹೇಳಿಕೆಯಲ್ಲಿದೆ. ವೈದ್ಯರ ಮಾತು ಸರಿಯಾದುದೇ. ಆದರೂ ತಂದವರು ತಂದಿದ್ದಾರೆ; ತಂದ ಮೇಲೆ ವ್ಯಾಯಾಮಶಾಲೆಯ ಶಿಕ್ಷಕ ಮಾಡುತ್ತಿದ್ದ ಕೆಲಸವನ್ನು ಮನೆಯ ಯಜಮಾನನೇ ಮಾಡಬೇಕಾಗಿದೆ.

ಅದೇ ಸೀಡರ್ ರಾಪಿಡ್ಸ್ ಪಟ್ಟಣದ ಸಾಮಾನ್ಯ ಗೃಹಸ್ಥನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಅವನಿಗೆ ಒಬ್ಬಳೇ ಮಗಳು. ಅವಳು ಆರು ವರ್ಷದವಳಿದ್ದಾಗ ತಂದ ಟ್ರ್ಯಾಂಪೊಲಿನ್ ಹಿತ್ತಿಲ ಮೇಪಲ್ ಮರದಿಂದ ತುಸು ದೂರದಲ್ಲಿ ನಿಂತಿದೆ. ಆ ಸೀಮೆಯ ಚಳಿ ಬರಿಯ ಚಳಿಯಲ್ಲ. ವರ್ಷಕ್ಕೆ ಸುಮಾರು 30 ಅಂಗುಲ ಹಿಮ ಬೀಳುತ್ತದೆ. ನೆಲ ಮೂರು ಅಡಿಗೂ ಮಿಕ್ಕಿ ಹೆಪ್ಪುಗಟ್ಟಬಹುದೆಂದು ಲೆಕ್ಕ ಹಾಕಿ ಮನೆಗಳ ಅಡಿಪಾಯ ತೋಡುತ್ತಾರೆ. 2019ರ ಜನವರಿಯ ಕೊನೆಯಲ್ಲಿ ಅಲ್ಲಿ ಉಷ್ಣತೆ ಸೊನ್ನೆಗಿಂತ 30 ಡಿಗ್ರಿ ಸೆಲ್ಸಿಯಸ್ಸಿಗೂ ಕೆಳಗಿಳಿದಿತ್ತು. ಇಂಥ ಚಳಿಯಲ್ಲಿ ಪಾಲಿಪ್ರೊಪಿಲೀನ್ ತನ್ನ ಸಹಜವಾದ ಬಾಗುವಿಕೆಯನ್ನು ಕಳೆದುಕೊಂಡು ಬಿರುಸಾಗುತ್ತದೆ. ನೀರು ಮಂಜುಗಡ್ಡೆಯಾಗುವ ಹದಕ್ಕೆ ಬರುತ್ತಲೇ ಅದರ ಗಟ್ಟಿತನ ಕುಂದತೊಡಗುತ್ತದೆ. ಮೆತ್ತೆಯ ಮೇಲಿನ ಪ್ಲಾಸ್ಟಿಕ್ ಹೊದಿಕೆಯಂತೂ ಮಡಿಸಿದಲ್ಲಿ ಬಿರಿಯುತ್ತದೆ.

ಆದ್ದರಿಂದ ಆ ಗೃಹಸ್ಥನ ಚಳಿಗಾಲ ಅಕ್ಟೋಬರಿನಲ್ಲಿಯೇ ಪ್ರಾರಂಭವಾಗುತ್ತದೆ. ಮೇಪಲ್ ಎಲೆಗಳು ಕೆಂಪಾಗಿ ಉದುರುವ ಕಾಲ ನೋಡುವವರ ಕಣ್ಣಿಗೆ ಹಬ್ಬ. ಟ್ರ್ಯಾಂಪೊಲಿನ್ ಇರುವವನಿಗೆ ಕೆಲಸ. ಬಿದ್ದ ಎಲೆಗಳು ಹಾಸಿನ ಮೇಲೆ ತೊಯ್ದು ಕೂತರೆ ಬೂಷ್ಟು ಹಿಡಿಯುತ್ತದೆ, ಹೊಲಿಗೆಯಲ್ಲಿ ತೇವ ನಿಲ್ಲುತ್ತದೆ. ಅವನು ಮೃದುವಾದ ಪೊರಕೆಯಿಂದ ಗುಡಿಸುತ್ತಾನೆ, ಒಣಹವೆಯ ಒಂದು ದಿನವನ್ನು ಕಾದು ಬಲೆಯನ್ನು ಇಳಿಸುತ್ತಾನೆ. ಬಲೆಯನ್ನು ಹಾಗೆಯೇ ಬಿಟ್ಟರೆ ತೊಯ್ದ ಹಿಮ ಅದರ ಕಣ್ಣುಗಳಿಗೆ ಅಂಟಿ, ಭಾರಕ್ಕೆ ಕಂಬಗಳೇ ಬಾಗುವುದುಂಟು. ಹಸಿಯಾಗಿ ಮಡಿಸಿಟ್ಟ ಬಲೆ ಕೊಳೆಯ ವಾಸನೆ ಹಿಡಿಯುತ್ತದೆ. ಒಣಗಿದ್ದನ್ನೂ ನೆಲದ ಮೇಲೆ ಇಟ್ಟರೆ ಇಲಿಗಳು ಅದರಲ್ಲಿ ಸಂಸಾರ ಹೂಡುತ್ತವೆ. ಆದುದರಿಂದ ಶೆಡ್ಡಿನ ತೊಲೆಗೆ ತೂಗುಹಾಕುವುದೇ ಲೇಸು. ಮೆತ್ತೆಗಳನ್ನು ಮಡಿಸದೆ ಚಪ್ಪಟೆಯಾಗಿ ಒಂದರ ಮೇಲೊಂದು ಇಡುತ್ತಾನೆ. ಏಣಿಯನ್ನಂತೂ ಎಲ್ಲಕ್ಕಿಂತ ಮೊದಲೇ ಬಿಚ್ಚಿ ಒಳಗಿಡುತ್ತಾನೆ. ಮಂಜುಗಡ್ಡೆ ಹಿಡಿದ ಹಾಸಿನ ಮೇಲೆ ನೆರೆಮನೆಯ ಮಗುವೊಂದು ಹತ್ತಿದರೆ ಗತಿಯೇನು? ಏಣಿ ಇಲ್ಲದಿರುವುದೇ ಅಲ್ಲಿ ಬೀಗ.

ಮೊದಲ ಕೆಲವು ವರ್ಷ ಅವನು ಹಾಸನ್ನೂ ಸ್ಪ್ರಿಂಗುಗಳನ್ನೂ ಬಿಚ್ಚುತ್ತಿರಲಿಲ್ಲ. ಮಗಳು ಒಪ್ಪುತ್ತಿರಲಿಲ್ಲ, ಬಿಚ್ಚಿದ್ದು ಮತ್ತೆ ಕೂಡುತ್ತದೆಂಬ ನಂಬಿಕೆ ಚಿಕ್ಕ ಮಕ್ಕಳಿಗೆ ಸುಲಭವಾಗಿ ಬಾರದು. ಹೀಗಾಗಿ ಹಿಮ ಬಿದ್ದಾಗಲೆಲ್ಲ ಅದನ್ನು ತೆಗೆಯುವ ಕೆಲಸ ತಂದೆಮಗಳಿಬ್ಬರ ಪಾಲಿಗೆ ಬಂತು.

ಹಿಮ ನೋಡಲು ಹತ್ತಿಯಂತಿದ್ದರೂ ಅದರ ಭಾರದ ಲೆಕ್ಕ ಬೇರೆ. ಸ್ಪ್ರಿಂಗುಗಳ ಅಳತೆ ಕಳೆದರೆ 14 ಅಡಿಯ ಚೌಕಟ್ಟಿನ ಹಾಸು ಸುಮಾರು 11 ಚದರ ಮೀಟರು. ಅದರ ಮೇಲೆ ಒಂದಡಿ ದಪ್ಪ, ಹಗುರವಾದ ಹೊಸ ಹಿಮ ಕುಳಿತರೆ ಮುನ್ನೂರು ಕಿಲೋಗ್ರಾಮಿನಷ್ಟಾಗುತ್ತದೆ. ಅದೇ ಹಿಮ ತೊಯ್ದು ಗಟ್ಟಿಯಾದರೆ ಒಂದು ಟನ್ನಿನ ಸಮೀಪಕ್ಕೆ ಹೋಗಬಲ್ಲದು. ಮೂವತ್ತು ಕಿಲೋ ತೂಗುವ ಮಗು ಜಿಗಿಯುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ತೂಕವೊಂದರದೇ ಅಲ್ಲ. ಮಗುವಿನ ಭಾರ ಕ್ಷಣಮಾತ್ರದ್ದು. ಸ್ಪ್ರಿಂಗು ಎಳೆಯಲ್ಪಟ್ಟು ಒಡನೆಯೇ ತನ್ನ ನೆಲೆಗೆ ಮರಳುತ್ತದೆ. ಹಿಮವಾದರೋ ಜಿಗಿಯುವುದಿಲ್ಲ, ಏಳುವುದಿಲ್ಲ. ವಾರಗಟ್ಟಲೆ ಕುಳಿತಲ್ಲೇ ಕುಳಿತಿರುತ್ತದೆ. ತನ್ನ ಮಿತಿಯನ್ನು ಮೀರಿ ಎಳೆಯಲ್ಪಟ್ಟ ಉಕ್ಕಿನ ಸ್ಪ್ರಿಂಗು ಭಾರ ಇಳಿದ ಮೇಲೂ ಮೊದಲಿನ ಉದ್ದಕ್ಕೆ ಬಾರದು. ಪ್ಲಾಸ್ಟಿಕ್ ಎಳೆಯ ಸ್ವಭಾವ ಇನ್ನೂ ಮೆದು. ಮಿತಿಯೊಳಗಿನ ಭಾರವೂ ದೀರ್ಘಕಾಲ ನಿಂತರೆ ಅದು ಮೆಲ್ಲಮೆಲ್ಲನೆ ಜಗ್ಗಿಬಿಡುತ್ತದೆ. ಈ ಜಗ್ಗುವಿಕೆ ಎಲ್ಲ ಕಡೆ ಸಮನಾಗಿ ಆಗುವುದೂ ಇಲ್ಲ. ಗಾಳಿ ಯಾವ ಪಕ್ಕಕ್ಕೆ ಹಿಮವನ್ನು ಒಟ್ಟಿತೋ ಆ ಪಕ್ಕ ಸಡಿಲಾಗುತ್ತದೆ. ವಸಂತದಲ್ಲಿ ನೇರವಾಗಿ ಮೇಲಕ್ಕೆ ಜಿಗಿದ ಮಗುವನ್ನು ಅಂಥ ಹಾಸು ಓರೆಯಾಗಿ ಎಸೆಯುತ್ತದೆ.

ಇಷ್ಟನ್ನೂ ಆರು ವರ್ಷದ ಹುಡುಗಿಗೆ ವಿವರಿಸುವಂತಿಲ್ಲ. ಅವಳಿಗೆ ತಿಳಿದಿದ್ದುದು ತನ್ನ ಉದ್ದಕ್ಕಿಂತ ಉದ್ದವಾದ ಒಂದು ಪೊರಕೆ, ಮತ್ತು ಮೂರು ನಿಷೇಧಗಳು. ಲೋಹದ ಸಲಿಕೆ ಕೂಡದು. ಅದರ ಅಂಚು ಒಂದು ಎಳೆಯನ್ನು ಕತ್ತರಿಸಿದರೂ ಸಾಕು, ಹರಕು ಅಲ್ಲಿಂದಲೇ ಬೆಳೆಯುತ್ತದೆ. ಅಲ್ಲಿನವರು ಮನೆಮುಂದಿನ ಹಾದಿಯ ಮಂಜುಗಡ್ಡೆ ಕರಗಿಸಲು ಎರಚುವ ಉಪ್ಪು ಕೂಡದು; ಉಕ್ಕಿಗೆ ಲೇಪಿಸಿದ ಸತುವನ್ನು ಅದು ತಿಂದುಹಾಕುತ್ತದೆ. ಬಿಸಿನೀರು ಸುರಿಯಕೂಡದು, ಕರಗಿದ ನೀರು ಹೊಲಿಗೆಗಳೊಳಗೆ ಇಳಿದು ಮತ್ತೆ ಹೆಪ್ಪುಗಟ್ಟುತ್ತದೆ. ಕೆಳಗೆ ಗಟ್ಟಿಯಾಗಿ ಅಂಟಿದ ಮಂಜಿನ ಪದರವನ್ನು ಬಡಿದು ಒಡೆಯುವ ಗೋಜಿಗೂ ಅವನು ಹೋಗುತ್ತಿರಲಿಲ್ಲ, ಬಿಸಿಲಿಗೆ ಬಿಟ್ಟುಬಿಡುತ್ತಿದ್ದ. ಮಗಳು ನೆಲದ ಮೇಲೆ ನಿಂತೇ ಅಂಚಿನ ಹಿಮವನ್ನು ತಳ್ಳುತ್ತಿದ್ದಳು. ನಡುವಣದಕ್ಕೆ ಅವಳ ಪೊರಕೆ ನಿಲುಕುತ್ತಿರಲಿಲ್ಲ. ಅರ್ಧ ಗುಡಿಸಿದ ಹಿಮ ಅವಳ ಟೊಪ್ಪಿಗೆಯ ಮೇಲೆಯೇ ಬೀಳುತ್ತಿತ್ತು. ಜಿಗಿಯುವುದಕ್ಕಿಂತ ಈ ಗುಡಿಸುವುದೇ ಅವಳಿಗೆ ಹೆಚ್ಚು ಪ್ರಿಯವಾಗಿದ್ದ ಒಂದೆರಡು ಚಳಿಗಾಲಗಳೂ ಇದ್ದವು.

ಹಿಮದ ತಂಟೆಯೇ ಬೇಡವೆಂದು ದೊಡ್ಡ ಹೊದಿಕೆಯೊಂದನ್ನು ಬಿಗಿದುಬಿಟ್ಟರಾಗದೆ ಎಂದು ತೋರುವುದು ಸಹಜ. ಕನ್ನಡ ನಾಡಿನ ಊರುಗಳಲ್ಲಿ ಜಾತ್ರೆ ಮುಗಿದ ಮೇಲೆ ತೇರಿಗೆ ತಗಡಿನ ಮರೆ ಕಟ್ಟಿ ಮುಂದಿನ ವರ್ಷದವರೆಗೆ ನಿಲ್ಲಿಸುವುದಿಲ್ಲವೆ? ಆದರೆ ತೇರು ತನ್ನ ತೂಕದಿಂದಲೇ ನೆಲವನ್ನು ಹಿಡಿದು ನಿಲ್ಲುತ್ತದೆ. ಟ್ರ್ಯಾಂಪೊಲಿನ್ನಿಗೆ ಆ ಬಲವಿಲ್ಲ. ಬರಿಯ ಹಾಸು ತನ್ನ ನೇಯ್ಗೆಯ ಸಂದುಗಳಿಂದ ಗಾಳಿಯನ್ನು ಸ್ವಲ್ಪಮಟ್ಟಿಗಾದರೂ ಹಾಯಗೊಡುತ್ತದೆ. ಸಂದಿಲ್ಲದ ಹೊದಿಕೆ ಹಾಯಿಯಾಗಿ ಉಬ್ಬಿ ಇಡೀ ಚೌಕಟ್ಟನ್ನೇ ಎತ್ತುತ್ತದೆ. ನೀರು ಬಸಿಯಲು ರಂಧ್ರವಿಲ್ಲದ ಹೊದಿಕೆಯಾದರೆ ನಡುವೆ ಕೆರೆಯೇ ಕಟ್ಟಿಕೊಳ್ಳುತ್ತದೆ.

ಗಾಳಿಯ ವಿಷಯದಲ್ಲಿ ಸೀಡರ್ ರಾಪಿಡ್ಸ್ ಜನರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. 2020ರ ಆಗಸ್ಟ್ 10ರಂದು ಆ ಪಟ್ಟಣವನ್ನು ಹೊಕ್ಕ ಬಿರುಗಾಳಿಯ ವೇಗ ಗಂಟೆಗೆ 140 ಮೈಲಿಯನ್ನು ಮುಟ್ಟಿತೆಂದು ಹವಾಮಾನತಜ್ಞರು ಅಂದಾಜು ಮಾಡಿದರು. ಊರಿನ ಮರಗಳಲ್ಲಿ ಬಹುಪಾಲು ನೆಲಕ್ಕುರುಳಿದವು. ಅಂಥ ಮಹಾವಾತದ ಮುಂದೆ ಯಾವ ಗೂಟವೂ ನಿಲ್ಲದು. ಆದರೆ ಟ್ರ್ಯಾಂಪೊಲಿನ್ ಹಾರಲು ಅಷ್ಟು ಗಾಳಿ ಬೇಕಾಗಿಯೂ ಇಲ್ಲ. ಅದೇ ವರ್ಷದ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಮೇಲೆ ಕಿಯಾರಾ ಎಂಬ ಚಂಡಮಾರುತ ಬೀಸಿದಾಗ, ಆ ದೇಶದ ಆಗ್ನೇಯ ಭಾಗದಲ್ಲಿ ಯಾರದೋ ಹಿತ್ತಿಲಿನ ಟ್ರ್ಯಾಂಪೊಲಿನ್ ಹಾರಿಬಂದು ರೈಲು ಹಳಿಯ ಮೇಲೆ ಕುಳಿತಿತ್ತು. ಒಬ್ಬರ ಮಗುವಿನ ಆಟ ಸಾವಿರಾರು ಪ್ರಯಾಣಿಕರ ಹಾದಿಗೆ ಅಡ್ಡವಾಗುವುದೆಂದರೆ ಇದೇ. ಇದನ್ನು ತಡೆಯಲು ತಿರುಪಿನಾಕಾರದ ಉದ್ದನೆಯ ಮೊಳೆಗಳನ್ನು ನೆಲಕ್ಕೆ ತಿರುಗಿಸಿ ಇಳಿಸಿ, ಚೌಕಟ್ಟಿನ ಕಾಲುಗಳನ್ನು ಅವಕ್ಕೆ ಪಟ್ಟಿಗಳಿಂದ ಬಿಗಿಯುತ್ತಾರೆ. ಇದಕ್ಕೊಂದು ಕಾಲವುಂಟು. ನೆಲ ಮೆದುವಾಗಿರುವ ಅಕ್ಟೋಬರಿನಲ್ಲಿ ಕಾಲು ಗಂಟೆಯ ಕೆಲಸ. ಡಿಸೆಂಬರಿನಲ್ಲಿ ಹೆಪ್ಪುಗಟ್ಟಿದ ನೆಲ ಬಂಡೆಗೆ ಸಮ, ಮೊಳೆ ಬಾಗುತ್ತದೆಯೇ ಹೊರತು ಇಳಿಯದು. ಇಳಿಸಿದ ಮೇಲೂ ನಿಶ್ಚಿಂತೆಯಿಲ್ಲ. ನೆಲ ಹೆಪ್ಪುಗಟ್ಟಿ ಕರಗಿ ಮತ್ತೆ ಹೆಪ್ಪುಗಟ್ಟುವಾಗ ಉಬ್ಬಿ ಉಬ್ಬಿ ಆ ಮೊಳೆಗಳನ್ನೇ ಮೇಲಕ್ಕೆ ನೂಕುತ್ತದೆ. ಆದ್ದರಿಂದ ಅವನು ಚಳಿಗಾಲದ ನಡುವೆಯೂ ಆಗಾಗ್ಗೆ ಹೋಗಿ ಪಟ್ಟಿಗಳನ್ನು ಎಳೆದು ನೋಡಿ ಬರುತ್ತಾನೆ.

ಈಗ ಮಗಳಿಗೆ ಹದಿಮೂರು. ಹಿಮ ಗುಡಿಸಲು ಅವಳಿಗೆ ಬಿಡುವಿಲ್ಲ. ಆ ವಯಸ್ಸಿನ ಮಕ್ಕಳಿಗೆ ಬಿಡುವೆಂಬುದು ಎಲ್ಲಿಯೂ ಇದ್ದಂತಿಲ್ಲ. ಆದುದರಿಂದ ಕೆಲವು ವರ್ಷಗಳಿಂದ ಅವನು ಹಾಸನ್ನೂ ಸ್ಪ್ರಿಂಗುಗಳನ್ನೂ ಬಿಚ್ಚಿಯೇ ಇಡುತ್ತಿದ್ದಾನೆ. ವಾಸ್ತವವಾಗಿ ಎಲ್ಲಕ್ಕಿಂತ ಉತ್ತಮವಾದ ಕ್ರಮ ಇದೇ. ಹಾಸೇ ಇಲ್ಲವಾದ ಮೇಲೆ ಹಿಮ ಕೂರುವುದೆಲ್ಲಿ? ಆದರೆ ಬಿಚ್ಚುವುದಕ್ಕೊಂದು ಶಾಸ್ತ್ರವಿದೆ. ಒಂದರ ಪಕ್ಕದ ಇನ್ನೊಂದನ್ನು ಸಾಲಾಗಿ ಬಿಚ್ಚುತ್ತ ಹೋದರೆ ಎಳೆತವೆಲ್ಲ ಎದುರು ಪಕ್ಕಕ್ಕೆ ವಾಲಿ, ಉಳಿದ ಸ್ಪ್ರಿಂಗುಗಳು ಜಗ್ಗುತ್ತವೆ, ಚೌಕಟ್ಟು ಸೊಟ್ಟಗಾಗುತ್ತದೆ. ಮೊದಲು ಒಂದು ಸ್ಪ್ರಿಂಗು, ನಂತರ ಅದಕ್ಕೆ ನೇರ ಎದುರಿನದು. ಆಮೇಲೆ ಇವೆರಡರ ನಡುವಿನ ಅಡ್ಡಸಾಲಿನ ಒಂದು ಜೋಡಿ. ಹೀಗೆ ನಕ್ಷತ್ರದ ಆಕಾರದಲ್ಲಿ ಸಾಗಬೇಕು. ಬಿಗಿದ ಸ್ಪ್ರಿಂಗು ಕೈ ತಪ್ಪಿದರೆ ಬೆರಳನ್ನು ಜಜ್ಜದೆ ಬಿಡದು. ಅದಕ್ಕಾಗಿ ಕೊಕ್ಕೆಯಿರುವ ಒಂದು ಹಿಡಿಕೆ, ದಪ್ಪನೆಯ ಕೈಚೀಲ ಬೇಕು. ತಂದೆ ಈ ಪಕ್ಕದ ಸ್ಪ್ರಿಂಗನ್ನು ಬಿಚ್ಚಿದಾಗ ಎದುರು ಪಕ್ಕದ್ದನ್ನು ಬಿಚ್ಚಲು ಮಗಳು ನಿಲ್ಲುತ್ತಾಳೆ. ವರ್ಷದಲ್ಲಿ ಆ ಒಂದು ಅಪರಾಹ್ನ ಅವಳು ತಾನಾಗಿ ಬರುತ್ತಾಳೆ. ಹಾಸಿನ ಅಗಲದಷ್ಟು ಅಂತರದಲ್ಲಿ ಎದುರುಬದುರಾಗಿ ನಿಂತು ಅವರು ಹೆಚ್ಚು ಮಾತಾಡುವುದಿಲ್ಲ. ಸಂಖ್ಯೆಗಳನ್ನು ಮಾತ್ರ ಹೇಳಿಕೊಳ್ಳುತ್ತಾರೆ. ಕೊನೆಯ ಕೆಲವು ಸ್ಪ್ರಿಂಗುಗಳು ಬಿಗಿತವೇ ಇಲ್ಲದೆ ಕೈಗೇ ಬಂದುಬಿಡುತ್ತವೆ.

ಬಿಚ್ಚಿದ ಸ್ಪ್ರಿಂಗುಗಳನ್ನು ಒರೆಸಿ, ಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ತುಸುವೇ ಸವರಿ ಡಬ್ಬಿಯಲ್ಲಿಡುತ್ತಾನೆ. ಎಣ್ಣೆ ಹಾಸಿಗೆ ತಗಲದಂತೆ ಜಾಗ್ರತೆ ವಹಿಸುತ್ತಾನೆ. ತುಕ್ಕು ಮೊದಲು ಹುಟ್ಟುವುದು ಸ್ಪ್ರಿಂಗಿನ ಕೊಕ್ಕೆಯಲ್ಲಿ. ಚೌಕಟ್ಟಿನ ತೂತಿಗೆ ಉಜ್ಜಿ ಉಜ್ಜಿ ಅಲ್ಲಿ ಸತುವಿನ ಲೇಪ ಸವೆದಿರುತ್ತದೆ. ಚೌಕಟ್ಟನ್ನು ಅವನು ಬಯಲಿನಲ್ಲಿಯೇ ಬಿಡುತ್ತಾನೆ. ಶೆಡ್ಡಿನಲ್ಲಿ ಅದಕ್ಕೆ ಸ್ಥಳವಿಲ್ಲ. ಕೊಳವೆಗಳೊಳಗೆ ಮಾತ್ರ ನೀರು ನಿಲ್ಲದಂತೆ ನೋಡಿಕೊಂಡರಾಯಿತು. ನೀರು ಹೆಪ್ಪುಗಟ್ಟುವಾಗ ನೂರಕ್ಕೆ ಒಂಬತ್ತರಷ್ಟು ಹಿಗ್ಗಿ ಉಕ್ಕಿನ ಬೆಸುಗೆಯನ್ನೂ ಸೀಳಬಲ್ಲದು. ಜನವರಿಯಲ್ಲಿ ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಬಿಳಿಯ ಬಯಲಿನಲ್ಲಿ ಹಾಸಿಲ್ಲದ ಬರಿಯ ಬಳೆಯೊಂದು ನಿಂತಂತೆ ಕಾಣುತ್ತದೆ.

ಮಾರ್ಚ್ ತಿಂಗಳ ಕೊನೆಗೆ ಹಿಮ ಕರಗಿ ಹಿತ್ತಿಲು ಕೆಸರಾಗುತ್ತದೆ. ಆಗ ಅವಸರಿಸುವಂತಿಲ್ಲ. ಕರಗಿದ ನೆಲದಲ್ಲಿ ಒಂದು ಕಾಲು ಹೆಚ್ಚು ಇಳಿದು ಚೌಕಟ್ಟು ವಾಲಿರಬಹುದು. ಮಟ್ಟಗೋಲು ಇಟ್ಟು ಅದನ್ನು ಸಮಮಾಡಬೇಕು. ಬೆಸುಗೆಗಳನ್ನು ತಡವಿ ನೋಡಬೇಕು. ಒಂದು ಹೊಸ ಸ್ಪ್ರಿಂಗನ್ನು ಅಳತೆಗೋಲಾಗಿಟ್ಟುಕೊಂಡು ಹಳೆಯವನ್ನು ಒಂದೊಂದಾಗಿ ಅದರ ಪಕ್ಕಕ್ಕೆ ಹಿಡಿದು, ಉದ್ದವಾದುದನ್ನೂ ಸುರುಳಿಗಳ ನಡುವೆ ಬೆಳಕು ಕಾಣುವುದನ್ನೂ ಬೇರೆ ಮಾಡಬೇಕು. ಹಾಸಿನ ಅಂಚಿನ ಹೊಲಿಗೆಯನ್ನು ಉಗುರಿನಿಂದ ಕೆದಕಿದಾಗ ನೂಲು ಪುಡಿಯಾಗಿ ಬಂದರೆ ಆ ಹಾಸಿನ ಆಯುಷ್ಯ ತೀರಿತೆಂದೇ ತಿಳಿಯಬೇಕು. ಹೊಲಿಗೆ ಹಾಕಿ, ತೇಪೆ ಹಚ್ಚಿ ಇನ್ನೊಂದು ವರ್ಷ ತಳ್ಳೋಣವೆಂಬ ಮಿತವ್ಯಯ ಬೇರೆಲ್ಲಿಯಾದರೂ ಸದ್ಗುಣವಾಗಬಹುದು, ಇಲ್ಲಿ ಅಲ್ಲ. ಮತ್ತೆ ಕೂಡಿಸುವಾಗಲೂ ಅದೇ ನಕ್ಷತ್ರದ ಕ್ರಮ. ಎಲ್ಲ ಬಿಗಿದ ಮೇಲೆ ಮರಳಿನ ಮೂಟೆಯೊಂದನ್ನು ನಡುವೆ ಎತ್ತಿಹಾಕಿ, ಅದು ನೇರವಾಗಿ ಚಿಮ್ಮುವುದೋ ಓರೆಯಾಗಿ ಹೊರಳುವುದೋ ಎಂದು ನಾಲ್ಕಾರು ಬಾರಿ ಪರೀಕ್ಷಿಸುತ್ತಾನೆ. ಮೆತ್ತೆ ಹೊದಿಸಿ ಬಲೆ ಏರಿಸಿದ ಬಳಿಕವೇ ಏಣಿಯ ಸರದಿ.

ಕಳೆದ ವಸಂತದಲ್ಲಿ ಮಗಳು ಅದರ ಮೇಲೆ ಜಿಗಿದದ್ದಕ್ಕಿಂತ ಮಲಗಿ ಪುಸ್ತಕ ಓದಿದ್ದೇ ಹೆಚ್ಚು. ಈ ವರ್ಷ ಮೂರು ಸ್ಪ್ರಿಂಗುಗಳು ಜಗ್ಗಿವೆ. ಹೊಸವನ್ನು ಕೊಳ್ಳುವುದೋ, ಸಾಮಾನನ್ನೇ ಚಿಕ್ಕ ಮಕ್ಕಳಿರುವ ಮನೆಗೆ ಕೊಟ್ಟುಬಿಡುವುದೋ ಎಂದು ಅವನು ಮಗಳನ್ನು ಕೇಳಿಲ್ಲ. ಅಂಗಡಿಯಲ್ಲಿ ಸ್ಪ್ರಿಂಗುಗಳನ್ನು ಬಿಡಿಯಾಗಿ ಕೊಡುವುದಿಲ್ಲವೆಂದು ಒಂದು ಇಡೀ ಪೊಟ್ಟಣವನ್ನೇ ತಂದು, ಉಳಿದವನ್ನು ಮುಂದಿನ ಚಳಿಗಾಲಕ್ಕೆಂದು ಶೆಡ್ಡಿನ ಗೂಟಕ್ಕೆ ತೂಗುಹಾಕಿದ್ದಾನೆ.